ಎಲ್ಲರೂ ಅವಳನ್ನೇ ನೋಡಿದರೆ?

ಪ್ರೀತಿಯ ಚೈತ್ರಾ,

ಇಂಗ್ಲೆಂಡಿನ ಯಾರ್ಕ್‌ನಿಂದ ನಿನ್ನ ಕಾಗದ ಬಂತು. ಮನೆ, ಬಾಡಿಗೆ, ಚಳಿ ಎಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿದ್ದಾಳೆ, ಆ ಸುದ್ದಿಗೆ ನಾನು ಹೋಗುವುದಿಲ್ಲ. ಅಲ್ಲಿ ನೀನು ಧರ್ಮಗಳ ಪಾಠ ಹೇಳುವ ಕ್ಲಾಸಿನ ಒಬ್ಬಳೇ ಯಹೂದಿ ಹುಡುಗಿಯ ಬಗ್ಗೆ ಕೊನೆಯಲ್ಲಿ ಎರಡು ಸಾಲು ಬರೆದಿದ್ದೆಯಲ್ಲ, "ಯಹೂದಿ ಧರ್ಮದ ಪಾಠ ಶುರು ಮಾಡಿದರೆ ಇಡೀ ಕ್ಲಾಸು ಆ ಒಬ್ಬಳನ್ನೇ ತಿರುಗಿ ನೋಡುತ್ತೆ ದೊಡ್ಡಮ್ಮ, ಭಯವಾಗುತ್ತೆ" ಅಂತ. ಅಲ್ಲಿಗೇ ನಾನು ಸಿಕ್ಕಿಹಾಕಿಕೊಂಡೆ. ಪಠ್ಯ, ಪರೀಕ್ಷೆ ಅಂತ ಪುಟಗಟ್ಟಲೆ ಬರೆದು ಈ ವಿಷಯ ಎರಡೇ ಸಾಲಲ್ಲಿ ಮುಗಿಸಿದ್ದೀಯಾ. ನಿನ್ನನ್ನು ಜಾಸ್ತಿ ಕಾಡುತ್ತಿರುವುದು ಇದೇ ಅಂತ ನನಗೆ ಅನ್ನಿಸಿತು.

ನಾನು ಹೈಸ್ಕೂಲು ಓದಿದ್ದು ಮುಂಬೈಯ ಮರಾಠಿ ಶಾಲೆಯಲ್ಲಿ, ಅದು ನಿನಗೆ ಗೊತ್ತು. ಅಲ್ಲಿ ಏನಾಯಿತು ಅಂತ ಯಾರಿಗೂ ಹೇಳಿಲ್ಲ. 1967ರಲ್ಲಿ ಮಹಾಜನ ಆಯೋಗದ ವರದಿ ಬಂತು. ಬೆಳಗಾವಿ ನಮ್ಮ ರಾಜ್ಯದಲ್ಲೇ ಇರಲಿ ಅಂದಿತು. ಆಮೇಲೆ ಭೂಗೋಳದ ಪಾಠದಲ್ಲಿ ಬೆಳಗಾವಿ ಅಂದರೆ ಸಾಕು, ಎಲ್ಲರ ತಲೆಯೂ ನನ್ನ ಬೆಂಚಿನ ಕಡೆ ತಿರುಗುತ್ತಿತ್ತು. ನಾನು ಕುಂದಾಪುರದ ಹುಡುಗಿ ಮಗಾ, ಬೆಳಗಾವಿ ಕಣ್ಣಲ್ಲಿ ನೋಡಿದವಳಲ್ಲ! "ನೀವು ಯಾಕೆ ಕೊಡೋದಿಲ್ಲ?" ಅಂತ ಒಬ್ಬ ಕೇಳಿದ. ನಮ್ಮ ಮೇಷ್ಟ್ರು ಕೆಟ್ಟವರಲ್ಲ. ನಗುತ್ತಲೇ "ಹೇಳಮ್ಮ, ಹೇಳು" ಅಂದರು. ಹುಡುಗ ಕೇಳಿದ್ದು ಮರೆತುಹೋಗುತ್ತಿತ್ತೇನೋ. ಮೇಷ್ಟ್ರು ಹಾಗೆ ಅಂದದ್ದು ಮರೆಯಲಿಲ್ಲ.

ನಿನ್ನ ಕ್ಲಾಸಿನ ಆ ಹುಡುಗಿಗೆ ಆಗಲೇ ಯಾರೋ ಗಾಜಾ ಬಗ್ಗೆ ಕೇಳಿದ್ದಾರೆ ಅಂತ ಬರೆದಿದ್ದೀಯಾ. ಹದಿಮೂರು ವರ್ಷದ ಮಗು, ಯಾರ್ಕ್‌ನಲ್ಲೇ ಹುಟ್ಟಿದವಳು. ಅವಳು ಏನು ಹೇಳಬೇಕು? ಗಾಜಾ ಬಗ್ಗೆ ಮಾತೇ ಬೇಡ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಸತ್ತ ಮಕ್ಕಳನ್ನು ನೆನೆದು ಕೇಳುವ ಹುಡುಗರೂ ನಿನ್ನ ಕ್ಲಾಸಿನಲ್ಲಿ ಇರುತ್ತಾರೆ, ಅವರ ನೋವೂ ನಿಜವೇ. ಆದರೆ ಆ ಪ್ರಶ್ನೆ ನಿನ್ನ ಮೇಜಿಗೆ ಬರಬೇಕು, ಅವಳ ಬೆಂಚಿಗೆ ಹೋಗಬಾರದು. "ನನ್ನನ್ನು ಕೇಳು" ಅಂತ ಅಲ್ಲೇ, ಆಗಲೇ ಹೇಳಿಬಿಡು. ಕ್ಲಾಸು ಮುಗಿದ ಮೇಲೆ ಹೇಳಿದರೆ ತಡವಾಗುತ್ತೆ.

ಇಂಗ್ಲೆಂಡ್, ವೇಲ್ಸ್ ಎರಡೂ ಸೇರಿ 2021ರ ಜನಗಣತಿಯಲ್ಲಿ ಯಹೂದಿಗಳು ಸುಮಾರು 2.71 ಲಕ್ಷ. ಅಂದರೆ ಸುಮಾರು ಇನ್ನೂರಿಪ್ಪತ್ತು ಜನಕ್ಕೆ ಒಬ್ಬರು. ಅವರಲ್ಲೂ ಬಹಳ ಮಂದಿ ಲಂಡನ್, ಮ್ಯಾಂಚೆಸ್ಟರ್ ಕಡೆ. ಹಾಗಾಗಿ ಅವಳು ಒಬ್ಬಳೇ ಇರುವುದು ನಿನ್ನ ಕ್ಲಾಸಿನಲ್ಲಿ ಮಾತ್ರ ಅಲ್ಲ, ಬಹುಶಃ ಮುಂದಿನ ಕ್ಲಾಸಿನಲ್ಲೂ ಹಾಗೇ.

ಮುಂಬೈ ಅಂದಾಗ ನಮ್ಮ ಚಾಳಿನ ಪಕ್ಕದ ಖೋಲಿಯ ಮಾವಶಿ ನೆನಪಾಗುತ್ತಾಳೆ. ಬೆನೆ ಇಸ್ರೇಲಿ, ಅಂದರೆ ಕೊಂಕಣದ ಯಹೂದಿ ಮನೆತನ. ಒಂಬತ್ತು ಗಜದ ಸೀರೆ, ಮನೆಯಲ್ಲಿ ಮರಾಠಿ. ಶನಿವಾರ ಅವರಿಗೆ ವಿಶ್ರಾಂತಿಯ ದಿನ, ಶುಕ್ರವಾರ ಸಂಜೆ ದೀಪ ಹಚ್ಚಿದರೆ ಶನಿವಾರ ಒಲೆ ಉರಿಯುತ್ತಿರಲಿಲ್ಲ. ಕೊಂಕಣದಲ್ಲಿ ಅವರ ಹಿಂದಿನವರು ಎಣ್ಣೆ ಗಾಣ ನಡೆಸುತ್ತಿದ್ದರು, ಶನಿವಾರ ಗಾಣ ನಿಲ್ಲಿಸುತ್ತಿದ್ದರು, ಅದಕ್ಕೇ ಅವರನ್ನು "ಶನಿವಾರ ತೇಲಿ", ಅಂದರೆ ಶನಿವಾರದ ಗಾಣಿಗರು, ಅನ್ನುತ್ತಿದ್ದರು. ಎಲಿಯಾಹು ಪ್ರವಾದಿಯ ಹೆಸರಿನಲ್ಲಿ ಮಲಿದಾ ಅನ್ನುವ ಪ್ರಸಾದ ಮಾಡಿದರೆ ನಮಗೂ ಒಂದು ತಟ್ಟೆ ಬರುತ್ತಿತ್ತು. ಅವಲಕ್ಕಿ, ಕಾಯಿತುರಿ, ಸಕ್ಕರೆ, ಹಣ್ಣು. ನಮ್ಮಮ್ಮ ಅಷ್ಟಮಿಗೆ ಮಾಡುವ ಸಿಹಿ ಅವಲಕ್ಕಿಯೇ ಅಂದುಕೊಂಡು ತಿನ್ನುತ್ತಿದ್ದೆ. ಒಂದು ಮಾತು ಕೇಳಲಿಲ್ಲ. ಒಂದು ಮಳೆಗಾಲ ಅವರು ಖೋಲಿ ಖಾಲಿ ಮಾಡಿ ಇಸ್ರೇಲಿಗೆ ಹೋದರು. ಈಗ ಕೇಳೋಣ ಅಂದರೆ ಯಾರನ್ನು ಕೇಳಲಿ?

ಆಮೇಲೆ ಓದಿ ತಿಳಿದದ್ದು ಇನ್ನೊಂದು. ಅಲ್ಲಿಗೆ ಹೋದ ಇಂಥವರನ್ನು ಮದುವೆಯ ವಿಷಯ ಬಂದಾಗ ಅಲ್ಲಿನ ಧರ್ಮಗುರುಗಳೇ ಅನುಮಾನದಿಂದ ನೋಡಿದರು. ಇವರೂ ಎಲ್ಲರಂತೆ ಯಹೂದಿಗಳೇ ಅಂತ 1964ರಲ್ಲಿ ಅಲ್ಲಿನ ಸಂಸತ್ತು ಹೇಳಬೇಕಾಯಿತು. ಅವರವರಲ್ಲೇ ಇಷ್ಟು ಭೇದ ಇರುವಾಗ ನಿನ್ನ ಹುಡುಗಿ ಯಾರ ಪರವಾಗಿ ಉತ್ತರ ಕೊಡುತ್ತಾಳೆ? "ಯಹೂದಿಗಳು ಹೀಗೆ ಮಾಡುತ್ತಾರೆ" ಅನ್ನದೆ "ಕೆಲವು ಮನೆಗಳಲ್ಲಿ ಹೀಗೆ" ಅಂದರೆ ಸ್ವಲ್ಪ ಹಗುರಾಗುತ್ತೇನೋ. ಅವಳ ಮನೆಯಲ್ಲಿ ಶನಿವಾರ ಕಾರು ಓಡಿಸಬಹುದು, ಓಡಿಸದೆಯೂ ಇರಬಹುದು. ಅದು ಕ್ಲಾಸಿಗೆ ಗೊತ್ತಾಗಬೇಕಾಗಿಲ್ಲ. ನೀನು ಇದನ್ನೆಲ್ಲ ಟ್ರೇನಿಂಗಿನಲ್ಲಿ ಕಲಿತಿರುತ್ತೀಯಾ, ನಾನು ಸುಮ್ನೆ ಹೇಳಿದೆ.

ನೀನು ಕಳಿಸಿದ ನಿಮ್ಮ ಯಾರ್ಕ್‌ನ ಕ್ಲಿಫರ್ಡ್ಸ್ ಟವರಿನ ಫೋಟೋ ನೋಡಿದೆ. ಆ ದಿಬ್ಬದ ಮೇಲಿನ ಕೋಟೆಯಲ್ಲಿ 1190ರಲ್ಲಿ ಸುಮಾರು 150 ಯಹೂದಿಗಳು ಸತ್ತರು. 1290ರಲ್ಲಿ ರಾಜ ದೇಶದಿಂದಲೇ ಓಡಿಸಿದ, 1656ರವರೆಗೆ ಬಹಿರಂಗವಾಗಿ ಬಾಳಲು ಬಿಡಲಿಲ್ಲ. ಇದನ್ನು ಮುಚ್ಚಿಡು ಅಂತಲ್ಲ. ಆದರೆ ಪಾಠ ಅಲ್ಲಿಂದ ಶುರುಮಾಡಬೇಡ. ಹಿಟ್ಲರನಿಂದಲೂ ಬೇಡ, ಅದು ಹೇಗೂ ಚರಿತ್ರೆಯ ಪಾಠದಲ್ಲಿ ಬರುತ್ತೆ. ಮೊದಲ ದಿನವೇ ಹೆಣ ತೋರಿಸಿದರೆ ಮಕ್ಕಳು ಅವಳನ್ನು ಅಯ್ಯೋ ಪಾಪ ಅಂತ ನೋಡುತ್ತಾರೆ. ಹಾಗೆ ನೋಡಿಸಿಕೊಳ್ಳುವುದೂ ಕಷ್ಟವೇ. ಶುಕ್ರವಾರ ಸಂಜೆಯ ಊಟದಿಂದ ಶುರುಮಾಡಿದರೆ ಹೇಗೆ? ಬೇಕಾದರೆ ನನ್ನ ಮಾವಶಿಯ ಕಥೆ ಹೇಳು. ಆಗ ಅವರ ಕಣ್ಣು ಮುಂಬೈಯ ಚಾಳಿನ ಕಡೆ ಹೋಗುತ್ತೆ, ಆ ಬೆಂಚಿನ ಕಡೆ ಅಲ್ಲ.

ಇನ್ನು ಪಾಠಕ್ಕೆ ಮೊದಲು ಅವಳ ತಾಯಿಗೋ ಅವಳಿಗೋ ಒಂದು ಮಾತು ತಿಳಿಸಿಬಿಡು, ಯಾವ ವಾರ ಏನು ಬರುತ್ತೆ ಅಂತ. ಯಾವ ಮಕ್ಕಳ ಅಪ್ಪ ಅಮ್ಮನಾದರೂ "ಈ ಪಾಠ ಬೇಡ" ಅಂತ ಬರೆದರೆ ಬೇಜಾರು ಮಾಡಿಕೊಳ್ಳಬೇಡ. 1944ರಿಂದಲೂ ಅಲ್ಲಿ ಆ ಹಕ್ಕು ಇದೆ ಅಂತ ನೀನೇ ಹೇಳಿದ್ದೆ.

ಒಂದು ದಿನ ಅವಳು ತಾನಾಗಿ ಕೈ ಎತ್ತಿದರೆ ಹೇಳಲಿ ಬಿಡು. ಹೇಳಿದ್ದಕ್ಕೆ ಥ್ಯಾಂಕ್ಸ್ ಅನ್ನು, ಪಾಠ ಮುಂದುವರಿಸು. ಮರುವಾರ ಮತ್ತೆ ಅವಳನ್ನೇ ಕೇಳಬೇಡ.

ನಿನ್ನ ದೊಡ್ಡಮ್ಮ