ಅಪ್ಪನ ಆರು ಗಂಟೆ

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು.

ನಾನು ಕ್ಷೇಮ. ನಿನ್ನ ಪತ್ರ ಸೋಮವಾರ ಕೈಸೇರಿತು. "ಮಂಡಿಯ ಶಸ್ತ್ರಚಿಕಿತ್ಸೆಯಾಗಿ ನಾಲ್ಕೇ ತಿಂಗಳು, ವಿಮಾನ ಬದಲಿಸುವಲ್ಲಿ ಆರು ಗಂಟೆ ಇವರು ಹೇಗೆ ಕುಳಿತಿರುತ್ತಾರೆ" ಎಂದು ಬರೆದಿದ್ದೀಯಲ್ಲ, ಅಂದಿನಿಂದ ನನಗೂ ಅದೇ ಯೋಚನೆ. ಗೇಟಿನ ಬಳಿಯ ಕುರ್ಚಿಗಳು ಕಣ್ಣಿಗೆ ಕಟ್ಟಿದಂತಿವೆ: ಎರಡು ಆಸನಗಳ ನಡುವೆ ಲೋಹದ ತೋಳು, ಒರಗಲು ಆಗದು, ಕಾಲು ಚಾಚಿದರೆ ಓಡಾಡುವವರಿಗೆ ತಗುಲುತ್ತದೆ. ಅಪ್ಪ ಏಳುವಾಗ ಎರಡೂ ಅಂಗೈ ಊರಿ, ಹಲ್ಲು ಕಚ್ಚಿ ಏಳುವುದನ್ನು ವಿಡಿಯೊ ಕರೆಯಲ್ಲಿ ನೋಡಿದ್ದೇನೆ.

ಅದಕ್ಕೇ ಲೌಂಜ್‌ಗಳ, ಅಂದರೆ ವಿಮಾನ ನಿಲ್ದಾಣದೊಳಗೆ ಆರಾಮವಾಗಿ ಕೂರಲು ಇರುವ ವಿಶ್ರಾಂತಿ ಕೊಠಡಿಗಳ, ವಿಚಾರವನ್ನು ನಾಲ್ಕು ಸಂಜೆ ಕೂತು ನೋಡಿದೆ. ಇಲ್ಲಿ ನನ್ನ ಕಚೇರಿಯವರು ಕ್ರೆಡಿಟ್ ಕಾರ್ಡ್ ಆರಿಸುವುದೇ ಅದರಿಂದ ಯಾವ ಲೌಂಜಿಗೆ ಪ್ರವೇಶ ಸಿಗುತ್ತದೆ ಎಂದು ನೋಡಿಕೊಂಡು! ಮೊದಲು ವಿಚಿತ್ರವೆನಿಸಿತ್ತು. ಈಗ ಅವರ ಲೆಕ್ಕವೇ ನನಗೆ ನೆರವಾಯಿತು.

ನನ್ನ ಕಾರ್ಡಿನ ಜೊತೆ ಪ್ರಯಾರಿಟಿ ಪಾಸ್ ಇದೆ, ಹಲವು ಲೌಂಜ್‌ಗಳಿಗೆ ಪ್ರವೇಶ ಕೊಡುವ ಸದಸ್ಯತ್ವ ಅದು. ಅದನ್ನೇ ನಿಮಗೆ ಕೊಡೋಣವೆಂದರೆ ಆಗದು. ಅದು ಹೆಸರಿನವರಿಗೆ ಮಾತ್ರ, ಅತಿಥಿ ಹೋಗಬೇಕಾದರೂ ಸದಸ್ಯರ ಜೊತೆಯಲ್ಲೇ ಹೋಗಬೇಕು. ವಿಮಾನ ಸಂಸ್ಥೆಗಳು ಪದೇ ಪದೇ ಹಾರುವವರಿಗೆ ಕೊಡುವ ಗೋಲ್ಡ್ ಸದಸ್ಯತ್ವದ ಅತಿಥಿ ಪ್ರವೇಶವೂ ಹಾಗೆಯೇ, ಸದಸ್ಯರು ಪ್ರಯಾಣಿಸುತ್ತಿರಬೇಕು. ಅಪ್ಪನ ಹೆಸರಿನಲ್ಲಿ ಪ್ರಯಾರಿಟಿ ಪಾಸ್ ತೆಗೆದರೆ ವರ್ಷಕ್ಕೆ 99 ಡಾಲರ್, ಅದರ ಮೇಲೆ ಪ್ರತಿ ಭೇಟಿಗೂ ತಲೆಗೆ 35. ಹೋಗಿ ಬರಲು ಇಬ್ಬರಿಗೆ 239 ಆಯಿತು. 329ರ ಯೋಜನೆಯಲ್ಲಿ ಹತ್ತು ಭೇಟಿ ಉಚಿತ, ಆದರೆ ಅದು ಸದಸ್ಯರಿಗೆ. ನಿನಗೆ ಮತ್ತೆ 35. 469ರ ಯೋಜನೆ ಸದಾ ಹಾರಾಡುವವರಿಗೇ ಸರಿ.

ಆದ್ದರಿಂದ ಸದಸ್ಯತ್ವವೇ ಬೇಡ. ಪ್ಲಾಜಾ ಪ್ರೀಮಿಯಂ ಎಂಬ ಸಂಸ್ಥೆಯ ಲೌಂಜ್‌ಗಳಲ್ಲಿ ಸದಸ್ಯರಲ್ಲದವರೂ ಒಂದು ಸಲದ ಪ್ರವೇಶವನ್ನು ಹಣ ಕೊಟ್ಟು ಮೊದಲೇ ಕಾಯ್ದಿರಿಸಬಹುದು. ಪಾಸ್ ಹಿಡಿದು ಹೋದವರನ್ನು, ಜಾಗ ತುಂಬಿದ್ದರೆ, ಬಾಗಿಲಿನಿಂದಲೇ ವಾಪಸ್ ಕಳಿಸುವುದುಂಟು. ಕಳೆದ ವರ್ಷ ಒಂದು ಕಡೆ ನನಗೇ ಹಾಗಾಯಿತು. ಎರಡು ಗಂಟೆ ಗೋಡೆಗೊರಗಿ ನೆಲದ ಮೇಲೆ ಕೂತಿದ್ದೆ. ಅಪ್ಪನಿಗೆ ಅದು ಆಗಕೂಡದು. ಸಾಮಾನ್ಯವಾಗಿ ಮೂರು ಗಂಟೆ ಮಾತ್ರ ಇರಲು ಬಿಡುತ್ತಾರೆ, ಹಾಗಾಗಿ ಎರಡು ಅವಧಿಗೂ ಸೇರಿಸಿ ಕಟ್ಟುತ್ತೇನೆ. "ದುಡ್ಡು ದಂಡ" ಎಂದು ಅಪ್ಪ ಕೂಗಾಡಿದರೆ ಕಟ್ಟಿ ಆಗಿದೆ, ವಾಪಸ್ ಬರುವುದಿಲ್ಲ ಎನ್ನು. ನನಗೆ ಖಂಡಿತ ಕಷ್ಟವಿಲ್ಲ ಅಮ್ಮ, ನಿಜವಾಗಿಯೂ ಇಲ್ಲ.

ವೀಲ್‌ಚೇರ್‌ಗೂ ಲೌಂಜಿಗೂ ಸಂಬಂಧವಿಲ್ಲ. ಅದನ್ನು ವಿಮಾನ ಸಂಸ್ಥೆ ಉಚಿತವಾಗಿ ಕೊಡುತ್ತದೆ. 48 ಗಂಟೆ ಮೊದಲೇ ಹೇಳಬೇಕು, ನಾನು ಆಗಲೇ ಹೇಳಿದ್ದೇನೆ. ತಳ್ಳಿಕೊಂಡು ಬಂದವರಿಗೆ ಮತ್ತೆ ಎಷ್ಟು ಹೊತ್ತಿಗೆ ಬರಬೇಕೆಂದು ಕೇಳಿ ಬರೆದಿಟ್ಟುಕೊ. ಎಷ್ಟೋ ಲೌಂಜ್‌ಗಳ ಒಳಗೆ ವಿಮಾನದ ಘೋಷಣೆ ಮಾಡುವುದಿಲ್ಲ, ಎಲ್ಲ ನಿಶ್ಶಬ್ದ. ನಿದ್ದೆ ಹತ್ತಿದರೆ ವಿಮಾನ ತಪ್ಪೀತು, ಮೊಬೈಲಿನಲ್ಲಿ ಅಲಾರಂ ಇಡು. ಅಪ್ಪ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಲಿ.

ಏನೂ ಆಗುವುದಿಲ್ಲ, ಎಲ್ಲ ಗೊತ್ತುಮಾಡಿದ್ದೇನೆ. ಮಾತ್ರೆಗಳು ಕೈಚೀಲದಲ್ಲೇ ಇರಲಿ, ಮರೆಯಬೇಡ. ಬಸ್ಸಿಗೆ ಹೊತ್ತಾಯಿತು, ಉಳಿದದ್ದು ಭಾನುವಾರ ಫೋನಿನಲ್ಲಿ.

ನಿನ್ನ,
ಪುಟ್ಟಿ