ಮಗಳಿಗೊಂದು ಪತ್ರ: ನಿನ್ನ ಲಬೂಬು ಅರ್ಜಿಗೆ ಉತ್ತರ

ಪುಟ್ಟಿ,

ನಿನ್ನ ಅರ್ಜಿ ತಲುಪಿದೆ. ‘ಇವರಿಗೆ, ಅಮ್ಮ, ಅಡುಗೆಮನೆ. ವಿಷಯ: ಲಬೂಬು ಗೊಂಬೆ ಕೊಡಿಸುವ ಕುರಿತು’ ಅಂತ ಶಾಲೆಯ ರಜಾ ಅರ್ಜಿಯ ಹಾಗೇ ಬರೆದಿದ್ದೀಯ. ನನ್ನ ವಿಳಾಸ ಅಡುಗೆಮನೆ ಅಂತ ಬರೆದದ್ದಕ್ಕೆ ಬೇರೆ ಜಗಳ ಇದೆ, ಅದು ಆಮೇಲೆ. ಬಾಯಲ್ಲಿ ಹೇಳಿದರೆ ಇಬ್ಬರ ದನಿಯೂ ಏರುತ್ತದೆ. ಅದಕ್ಕೆ ನಾನೂ ಬರೆದೇ ಉತ್ತರ ಕೊಡುತ್ತಿದ್ದೇನೆ.

ಮೊದಲು ಅಜ್ಜಿಯ ವಿಷಯ. ಆ ಗೊಂಬೆ ಪಜುಜು ಅನ್ನುವ ಪಿಶಾಚಿ, ಮನೆಗೆ ತರಬಾರದು ಅಂತ ವಾಟ್ಸಾಪ್‌ನಲ್ಲಿ ಬಂದದ್ದನ್ನು ಅವರು ನನಗೂ ಕಳಿಸಿದ್ದಾರೆ. ಪಜುಜು ಮೆಸೊಪೊಟೇಮಿಯಾದವನು. ಅಂದರೆ ಈಗಿನ ಇರಾಕಿನ ಕಡೆಯವನು. ಲಬೂಬುಗೂ ಅವನಿಗೂ ಸಂಬಂಧವೇ ಇಲ್ಲ. ಅದನ್ನು ಸೃಷ್ಟಿಸಿದ ಕಾಸಿಂಗ್ ಲಂಗ್ ಹುಟ್ಟಿದ್ದು ಹಾಂಗ್‌ಕಾಂಗ್‌ನಲ್ಲಿ, ಬೆಳೆದದ್ದು ನೆದರ್‌ಲ್ಯಾಂಡ್ಸ್‌ನಲ್ಲಿ. ಉತ್ತರ ಯುರೋಪಿನ ಜನಪದ ಕಥೆಗಳ ಗುಂಗಿನಲ್ಲಿ 2015ರಲ್ಲಿ ಒಂದು ಚಿತ್ರಪುಸ್ತಕದ ಸರಣಿಗೆ ಅವರು ಬರೆದ ಕಾಡಿನ ತುಂಟಿ ಅದು. 2024ರಲ್ಲಿ ಕೊರಿಯಾದ ಹಾಡುಗಾರ್ತಿಯರ ತಂಡ ಬ್ಲ್ಯಾಕ್‌ಪಿಂಕ್‌ನ ಲಿಸಾ ಅದನ್ನು ಬ್ಯಾಗಿಗೆ ನೇತುಹಾಕಿಕೊಂಡ ಮೇಲೆ ಊರೂರಿಗೆ ಹುಚ್ಚು ಹಿಡಿಯಿತು. ಇದನ್ನೆಲ್ಲ ಅಜ್ಜಿಗೆ ನೀನೇ ಹೇಳು. ನಾನು ಹೇಳಿದರೆ ನಂಬುವುದಿಲ್ಲ.

ನೀನು ಕೊಟ್ಟ ಕಾರಣಗಳಲ್ಲಿ ನನಗೆ ಒಪ್ಪಿಗೆಯಾದದ್ದು ಕೊನೆಯದು: ‘ಅದು ನೋಡೋಕೆ ಚೆನ್ನಾಗಿದೆ.’ ನನ್ನ ಕಣ್ಣಿಗೆ ಹಾಗೆ ಕಾಣುವುದಿಲ್ಲ, ಅದು ಬೇರೆ ಮಾತು. ಆದರೆ ಚೆಂದ ಕಂಡದ್ದು ಬೇಕು ಅನ್ನಿಸುವುದು ತಪ್ಪಲ್ಲ. ನಿನ್ನ ವಯಸ್ಸಲ್ಲಿ ನಮ್ಮ ಕ್ಲಾಸಿನ ಹುಡುಗಿಯರೆಲ್ಲ ಪುಸ್ತಕದೊಳಗೆ ನವಿಲುಗರಿ ಇಟ್ಟು, ಮರಿ ಹಾಕಲಿ ಅಂತ ಪೆನ್ಸಿಲ್ ಸಿಪ್ಪೆ ತಿನ್ನಿಸುತ್ತಿದ್ದೆವು. ನಿನ್ನ ಮಾವನಿಗೆ ಬಿಗ್ ಫನ್ ಬಬಲ್‌ಗಮ್ಮಿನ ಹುಚ್ಚು. ಒಳಗಿನ ಚೀಟಿಯಲ್ಲಿ ಕ್ರಿಕೆಟಿಗರ ಚಿತ್ರದ ಜೊತೆ ಇಷ್ಟು ರನ್, ಇಷ್ಟು ವಿಕೆಟ್ ಅಂತ ಇರುತ್ತಿತ್ತು. ರನ್ ಕೂಡಿಸಿದರೆ ಬಹುಮಾನ. ನಿನ್ನ ಲಬೂಬು ಬರುವ ಮುಚ್ಚಿದ ಡಬ್ಬಿಯ ಹಾಗೆ ಅದೂ ಮುಚ್ಚಿದ ಪೊಟ್ಟಣವೇ. ಒಳಗೆ ಯಾರಿದ್ದಾರೆ ಅಂತ ಮೊದಲೇ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ನಮ್ಮ ಕಾಲ ಚಿನ್ನ, ನಿಮ್ಮ ಕಾಲ ತಗಡು ಅಂತ ಹೇಳುವ ಧೈರ್ಯ ನನಗಿಲ್ಲ. 2017ರಲ್ಲಿ ಫಿಜೆಟ್ ಸ್ಪಿನ್ನರ್ ಬಂದಾಗ ನಮ್ಮ ಆಫೀಸಿನ ಮೀಟಿಂಗಿನಲ್ಲೇ ದೊಡ್ಡವರು ಕೂತು ತಿರುಗಿಸುತ್ತಿದ್ದರು.

ಆದರೂ ಬುಗರಿಯಲ್ಲಿ ಒಂದು ನ್ಯಾಯ ಇತ್ತು. ಬೀದಿಯಲ್ಲಿ ಎಲ್ಲರ ಬುಗರಿಯೂ ಒಂದೇ ಅಂಗಡಿಯದು. ನೆಲಕ್ಕೆ ತಾಗದ ಹಾಗೆ ಬಿಟ್ಟು ಅಂಗೈ ಮೇಲೆ ಆಡಿಸುವವನೇ ರಾಜ. ಸೋತವನ ಬುಗರಿಗೆ ಮೊಳೆಯಿಂದ ಗುನ್ನ ಬೀಳುತ್ತಿತ್ತು. ಕಾಸಿದ್ದವನು ಹತ್ತು ಬುಗರಿ ತಂದರೆ ಹತ್ತಕ್ಕೂ ಗುನ್ನ, ಅಷ್ಟೇ. ಕೈ ಪಳಗದೆ ಅಲ್ಲಿ ಬೆಲೆ ಇರಲಿಲ್ಲ. (ಹುಡುಗಿಯರನ್ನು ಆಡಲು ಸೇರಿಸುತ್ತಿರಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇದೆ.) ಲಬೂಬು ಡಬ್ಬಿಯಲ್ಲಿ ಪಳಗುವುದಕ್ಕೆ ಏನೂ ಇಲ್ಲ, ದುಡ್ಡು ಕೊಡುವುದು, ತೆರೆಯುವುದು. ನಿನ್ನ ಗೊಂಬೆಯ ಮೇಲೆ ನನಗೆ ಸಿಟ್ಟಿಲ್ಲ ಪುಟ್ಟಿ, ಆ ಡಬ್ಬಿಯ ಮೇಲೆ ಇದೆ.

ಲೆಕ್ಕ ನೋಡು. ನಿನಗೆ ಬೇಕಾದ ಸರಣಿಯಲ್ಲಿ ಆರು ಬಣ್ಣ, ಜೊತೆಗೊಂದು ಅಪರೂಪದ ‘ಸೀಕ್ರೆಟ್’ ಗೊಂಬೆ. ಲೂಡೋ ದಾಳ ತಗೋ. 1ರಿಂದ 6ರವರೆಗೆ ಎಲ್ಲವೂ ಒಮ್ಮೆಯಾದರೂ ಬೀಳುವ ತನಕ ಹಾಕು. ಏಳೆಂಟು ಸಲಕ್ಕೆ ಮುಗಿದೀತು ಅನ್ನಿಸುತ್ತದೆ, ಅಲ್ವಾ? ಸರಾಸರಿ ಹದಿನೈದು ಸಲ ಬೇಕು. ಕೊನೆಗೆ ಉಳಿದ ಒಂದೇ ಒಂದಕ್ಕೆ ಸರಾಸರಿ ಆರು ಸಲ. ಡಬ್ಬಿಗಳನ್ನು ಒಂದೊಂದಾಗಿ ಕೊಂಡರೂ ಇದೇ ಕಥೆ, ಇಲ್ಲಿ ಮಾತ್ರ ಒಂದೊಂದು ಸಲಕ್ಕೂ ಸಾವಿರಗಟ್ಟಲೆ ರೂಪಾಯಿ. ಸೀಕ್ರೆಟ್ ಸಿಗುವುದು 72ಕ್ಕೆ 1. ಹಾಗಂತ 72 ಡಬ್ಬಿ ಕೊಂಡರೆ ಸಿಕ್ಕೇಬಿಡುತ್ತದೆ ಅಂತಲ್ಲ. ಅಷ್ಟು ಕೊಂಡವರಲ್ಲೂ ಮೂರನೇ ಒಂದು ಪಾಲಿಗಿಂತ ಜಾಸ್ತಿ ಜನಕ್ಕೆ ಅದು ಸಿಗುವುದಿಲ್ಲ. ಬೇಕಾದ್ದು ಬರದಿದ್ದಾಗ ‘ಇನ್ನೊಂದೇ ಒಂದು’ ಅನ್ನಿಸುತ್ತದಲ್ಲ, ಡಬ್ಬಿಯನ್ನು ಮುಚ್ಚಿ ಮಾರುವುದು ಅದಕ್ಕೇ.

‘ಮುಂದೆ ದುಬಾರಿ ಬೆಲೆಗೆ ಮಾರಬಹುದು’ ಅಂತಲೂ ಬರೆದಿದ್ದೀಯ. ಇದು ಅಪ್ಪನ ಐಡಿಯಾ ಅಂತ ನನಗೆ ಗೊತ್ತು. ಬೀಜಿಂಗ್‌ನ ಹರಾಜಿನಲ್ಲಿ 2025ರ ಜೂನ್‌ನಲ್ಲಿ ಆಳೆತ್ತರದ ಒಂದು ಲಬೂಬು 10 ಲಕ್ಷ ಯುವಾನ್‌ಗೂ ಜಾಸ್ತಿಗೆ ಹೋದದ್ದು ನಿಜ. ಆದರೆ ಅಮೆರಿಕದ ಬೀನಿ ಬೇಬಿ ಕಥೆಯನ್ನೂ ಕೇಳು. 1990ರ ದಶಕದಲ್ಲಿ ಟೈ ವಾರ್ನರ್ ಅನ್ನುವವರ ಕಂಪನಿ ಕೆಲವು ಗೊಂಬೆಗಳನ್ನು ‘ಇನ್ನು ಮಾಡುವುದಿಲ್ಲ’ ಅಂತ ನಿಲ್ಲಿಸುತ್ತಿತ್ತು. ಬೆಲೆ ಏರುತ್ತದೆ ಅಂತ ಜನ ಮನೆ ತುಂಬ ತುಂಬಿಸಿಕೊಂಡರು. 1999ರಲ್ಲಿ ಲಾಸ್ ವೇಗಸ್‌ನ ಒಂದು ವಿಚ್ಛೇದನದ ಕೇಸಿನಲ್ಲಿ ಗಂಡ ಹೆಂಡತಿ ಕೋರ್ಟಿನ ನೆಲದ ಮೇಲೆ ಗೊಂಬೆಗಳನ್ನು ಸುರಿದುಕೊಂಡು, ನಿನಗೊಂದು ನನಗೊಂದು ಅಂತ ಪಾಲು ಮಾಡಿಕೊಂಡರು. ಸ್ವಲ್ಪ ದಿನದಲ್ಲೇ ಬಹುಪಾಲು ಗೊಂಬೆಗಳನ್ನು ಕೇಳುವವರೇ ಇರಲಿಲ್ಲ.

ಈಗ ನನ್ನ ತೀರ್ಮಾನ. ಮುಚ್ಚಿದ ಡಬ್ಬಿ ಕೊಡಿಸುವುದಿಲ್ಲ. ಡಬ್ಬಿ ತೆರೆದು, ಇದೇ ಬಣ್ಣ ಅಂತ ತೋರಿಸಿ ಮಾರುವವರಿದ್ದಾರೆ. ಅಲ್ಲಿ ಮುಖ ನೋಡಿ, ನಿನಗೆ ಇಷ್ಟವಾದದ್ದನ್ನು ಒಂದೇ ಒಂದು ತಗೋ. ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ. ಅರ್ಧ ದುಡ್ಡು ಹಬ್ಬಕ್ಕೆ ತಾತ ಕೊಟ್ಟದ್ದರಿಂದ, ಅರ್ಧ ನನ್ನದು. ಅಸಲಿಯೇ ಇರಲಿ. ನಕಲಿ ಲಬೂಬುವಿನ ಬಿಡಿಭಾಗ ಕಿತ್ತುಬಂದು ಚಿಕ್ಕ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳಬಹುದು ಅಂತ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 2025ರಲ್ಲಿ ಎಚ್ಚರಿಸಿದೆ. ನಿನ್ನ ತಮ್ಮನ ಬಾಯಿಗೆ ಹೋಗದ ವಸ್ತು ನಮ್ಮ ಮನೆಯಲ್ಲಿ ಯಾವುದಿದೆ ಹೇಳು?

ಇನ್ನು ‘ಕ್ಲಾಸಲ್ಲಿ ಎಲ್ಲರ ಹತ್ತಿರ ಇದೆ’ ಅನ್ನುವುದು. ಎಲ್ಲರ ಹತ್ತಿರ ಇಲ್ಲ ಅಂತ ನಿನ್ನ ಬಾಯಿಂದಲೇ ಕೇಳಿದ್ದೇನೆ. ಅಸಲಿ ಗೊಂಬೆಗೆ ಒಂಬತ್ತು ಹಲ್ಲು ಇರುತ್ತದಂತೆ, ನಕಲಿಗೆ ‘ಲಫುಫು’ ಅಂತ ಹೆಸರಂತೆ. ನಿಮ್ಮ ಬಸ್ಸಿನಲ್ಲಿ ಒಬ್ಬ ಹುಡುಗಿಯ ಗೊಂಬೆ ಕಿತ್ತುಕೊಂಡು, ಹಲ್ಲು ಎಣಿಸಿ, ‘ಲಫುಫು, ಲಫುಫು’ ಅಂತ ಎಲ್ಲರೂ ನಕ್ಕರಂತೆ. ಆ ಹುಡುಗಿಯ ಅಮ್ಮನೂ ದುಡ್ಡು ಕೊಟ್ಟೇ ತಂದದ್ದು. ನಾನು ಹಾಕುವ ಷರತ್ತು ಇದೊಂದೇ: ಗೊಂಬೆ ಬಂದ ಮೇಲೆ ನೀನು ಬೇರೆಯವರ ಗೊಂಬೆಯ ಹಲ್ಲು ಎಣಿಸಕೂಡದು. ಒಪ್ಪಿಗೆ ಇದ್ದರೆ ಶನಿವಾರ ಹೋಗೋಣ.

ನಿನ್ನ,
ಅಮ್ಮ