ಮಗಳಿಗೊಂದು ಪತ್ರ: ಹಸಿದವರಿಗೆ ಉಣ್ಣಿಸಿದ ಹೂವರ್

ಪ್ರೀತಿಯ ಪುಟ್ಟಿ,

ಕ್ಲಾಸಿನಲ್ಲಿ 1929ರ ಆರ್ಥಿಕ ಕುಸಿತದ ಪಾಠ ಶುರುವಾಗಿದೆ, ಹರ್ಬರ್ಟ್ ಹೂವರ್ ಹೆಸರು ಬಂದರೆ ಎಲ್ಲರೂ ಅಮೆರಿಕದ ಕೈಲಾಗದ ಅಧ್ಯಕ್ಷ ಅಂತ ಮಾತು ಮುಗಿಸಿಬಿಡುತ್ತಾರೆ ಅಂದೆಯಲ್ಲ. ನೀನು ಅಷ್ಟಕ್ಕೇ ಬಿಡಬೇಡ. ನೀನಿರುವ ಅಯೋವಾ ಸಿಟಿಯಿಂದ ಅವರು ಹುಟ್ಟಿದ ವೆಸ್ಟ್ ಬ್ರಾಂಚ್‌ಗೆ ಅರ್ಧ ಗಂಟೆಯೂ ಬೇಡ. ಅಲ್ಲಿ ಅವರು ಹುಟ್ಟಿದ ಮನೆಗೆ ಇರುವುದು ಎರಡೇ ಕೋಣೆ. ಉದ್ದ 20 ಅಡಿ, ಅಗಲ 14.

ಅಪ್ಪ ಕಮ್ಮಾರ. ಹುಡುಗನಿಗೆ ಆರು ವರ್ಷವಾಗಿದ್ದಾಗ ತೀರಿಕೊಂಡರು. ಒಂಬತ್ತು ತುಂಬಿದ ಮೇಲೆ ಅಮ್ಮನೂ ಹೋದರು. ಆಮೇಲೆ ಆರೆಗಾನ್‌ನಲ್ಲಿದ್ದ ಸೋದರಮಾವನ ಮನೆಯಲ್ಲಿ ಬೆಳೆದರು. 1891ರಲ್ಲಿ ಸ್ಟ್ಯಾನ್‌ಫರ್ಡ್ ಶುರುವಾದಾಗ ಮೊದಲ ಬ್ಯಾಚಿಗೇ ಸೇರಿ ಭೂವಿಜ್ಞಾನ ಓದಿದರು. ಡಿಗ್ರಿ ಕೈಗೆ ಬಂದರೂ ಒಳ್ಳೆ ಕೆಲಸ ಸಿಗಲಿಲ್ಲ. ಕ್ಯಾಲಿಫೋರ್ನಿಯಾದ ಚಿನ್ನದ ಗಣಿಯಲ್ಲಿ ಅದಿರಿನ ಗಾಡಿ ತಳ್ಳಿದರು. ಮುಂದೆ ಆಸ್ಟ್ರೇಲಿಯಾ, ಚೀನಾ ಸುತ್ತಿ ಗಣಿ ಎಂಜಿನಿಯರ್ ಆಗಿ ಚೆನ್ನಾಗಿ ಸಂಪಾದಿಸಿದರು.

ನನಗೆ ಅವರ ಮೇಲೆ ಗೌರವ ಹುಟ್ಟಿಸಿದ್ದು ಬೆಲ್ಜಿಯಂ. 1914ರಲ್ಲಿ, ಮೊದಲನೇ ಮಹಾಯುದ್ಧ ಶುರುವಾದಾಗ, ಜರ್ಮನಿ ಆ ದೇಶವನ್ನು ಹಿಡಿದುಕೊಂಡಿತು. ಸಮುದ್ರದ ದಾರಿಯನ್ನು ಬ್ರಿಟನ್ ಮುಚ್ಚಿತು. ಹೊರಗಿನಿಂದ ಬರುವ ಗೋಧಿ ನಂಬಿಕೊಂಡಿದ್ದ ಜನ ನಡುವೆ ಸಿಕ್ಕಿಬಿದ್ದರು. ಲಂಡನ್‌ನಲ್ಲಿದ್ದ ಹೂವರ್ ಎರಡೂ ಕಡೆಯವರ ಜೊತೆ ಜಗಳವಾಡಿ, ಒಪ್ಪಿಸಿ, ಹಡಗುಗಟ್ಟಲೆ ಆಹಾರ ಸಾಗಿಸಿದರು. ಹಿಟ್ಟು ಖಾಲಿಯಾದ ಹತ್ತಿ ಚೀಲಗಳನ್ನು ಅಲ್ಲಿನ ಹೆಂಗಸರು ಎಸೆಯಲಿಲ್ಲ. ಮಿಲ್ಲಿನ ಹೆಸರು ಅಚ್ಚಾಗಿದ್ದ ಜಾಗದ ಸುತ್ತ ಬಣ್ಣದ ದಾರದಲ್ಲಿ ಹೂವು, ಬಾವುಟ ಕಸೂತಿ ಹಾಕಿದರು. ಅಂಚಿಗೆ ಲೇಸ್ ಹೊಲಿದರು. ಅಮೆರಿಕಕ್ಕೆ ಥ್ಯಾಂಕ್ಸ್ ಹೇಳಿ ವಾಪಸ್ ಕಳಿಸಿದರು. ಅವುಗಳಲ್ಲಿ ಎಷ್ಟೋ ಚೀಲಗಳು ವೆಸ್ಟ್ ಬ್ರಾಂಚ್‌ನ ಮ್ಯೂಸಿಯಂನಲ್ಲಿವೆ, ಹತ್ತಿರದಿಂದ ನೋಡು.

ಇಂಥವರು 1929ರ ಮಾರ್ಚ್‌ನಲ್ಲಿ ಅಧ್ಯಕ್ಷರಾದರು. ಅಕ್ಟೋಬರ್‌ನಲ್ಲಿ ಷೇರುಪೇಟೆ ಬಿತ್ತು. ಸುಮ್ನೆ ಕೂತರು ಅನ್ನುವುದು ಸುಳ್ಳು. 1932ರಲ್ಲಿ ಬ್ಯಾಂಕು, ರೈಲ್ವೆಗಳಿಗೆ ಸಾಲ ಕೊಡಲು ಸರ್ಕಾರದ್ದೇ ಸಂಸ್ಥೆ ಕಟ್ಟಿದರು. ಆದರೆ ಅದಕ್ಕೂ ಮೊದಲು, 1930ರಲ್ಲಿ, ಸಾವಿರಕ್ಕೂ ಜಾಸ್ತಿ ಅರ್ಥಶಾಸ್ತ್ರಜ್ಞರು ಬೇಡವೆಂದರೂ ಆಮದು ಸುಂಕ ಏರಿಸುವ ಸ್ಮೂಟ್-ಹಾಲಿ ಕಾಯ್ದೆಗೆ ಸಹಿ ಹಾಕಿದ್ದರು. ಬೇರೆ ದೇಶಗಳೂ ಸುಂಕ ಏರಿಸಿ ಸೇಡು ತೀರಿಸಿಕೊಂಡವು.

ನಾನು ಕ್ಷಮಿಸಲಾರದ್ದು ಬೇರೆಯೇ ಇದೆ. ಅದೇ ವರ್ಷ ಅರ್ಕನ್ಸಾಸ್ ರಾಜ್ಯದ ಕಡೆ ಭಾರಿ ಬರ ಬಿತ್ತು. ಬಿತ್ತನೆ ಬೀಜಕ್ಕೆ, ದನಗಳ ಮೇವಿಗೆ ಸರ್ಕಾರದ ಸಾಲ ಕೊಡಲು ಹೂವರ್ ಒಪ್ಪಿದರು. ಜನರ ಊಟಕ್ಕೆ ಒಪ್ಪಲಿಲ್ಲ. ಅದನ್ನು ರೆಡ್ ಕ್ರಾಸ್ ಮತ್ತು ಊರಿನವರೇ ನೋಡಿಕೊಳ್ಳಬೇಕು, ಸರ್ಕಾರ ನೇರವಾಗಿ ಕೊಟ್ಟರೆ ಜನರ ಸ್ವಾವಲಂಬನೆ ಹೋಗುತ್ತದೆ ಅನ್ನುವುದು ಅವರ ನಂಬಿಕೆ. ಬೆಲ್ಜಿಯಂಗೆ ಹೋದ ಗೋಧಿಗೆ ಬಹುಪಾಲು ದುಡ್ಡು ಕೊಟ್ಟಿದ್ದು ಸರ್ಕಾರಗಳೇ ಅಲ್ವಾ? ಬರೀ ಚಂದಾದಿಂದ ಒಂದು ದೇಶದ ಹೊಟ್ಟೆ ತುಂಬದು ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಜನ ಸಿಟ್ಟು ತೀರಿಸಿಕೊಂಡರು. ತಗಡು, ರಟ್ಟಿನ ಗುಡಿಸಲುಗಳ ಕೇರಿಗೆ ಹೂವರ್‌ವಿಲ್ ಅಂದರು. ಹೊದ್ದು ಮಲಗುವ ಹಳೇ ಪೇಪರಿಗೆ ಹೂವರ್ ಕಂಬಳಿ. ಹೊರಗೆಳೆದ ಖಾಲಿ ಜೇಬಿಗೆ ಹೂವರ್ ಬಾವುಟ. 1932ರ ಚುನಾವಣೆಯಲ್ಲಿ 48 ರಾಜ್ಯಗಳಲ್ಲಿ 42 ಎದುರಾಳಿ ರೂಸ್‌ವೆಲ್ಟ್ ಪಾಲಾದವು.

1946ರಲ್ಲಿ, ಯುದ್ಧದ ನಂತರ ಜಗತ್ತಿನ ತುಂಬ ಆಹಾರಕ್ಕೆ ಹಾಹಾಕಾರವಿದ್ದಾಗ, ಎದುರು ಪಕ್ಷದ ಅಧ್ಯಕ್ಷ ಟ್ರೂಮನ್, ಹೂವರ್ ಅವರನ್ನೇ ಕರೆದರು. ಎಪ್ಪತ್ತೊಂದರ ಹೂವರ್ ದೇಶದಿಂದ ದೇಶಕ್ಕೆ ಹಾರಿ, ಎಲ್ಲಿ ಎಷ್ಟು ಧಾನ್ಯ ಬೇಕು ಅಂತ ಲೆಕ್ಕ ಹಾಕಿದರು. ಭಾರತಕ್ಕೂ ಬಂದಿದ್ದರು. ಮರುವರ್ಷ ಜರ್ಮನಿಯ ಶಾಲೆಗಳಲ್ಲಿ ಲಕ್ಷಾಂತರ ಮಕ್ಕಳಿಗೆ ಬಿಸಿಯೂಟ ಸಿಕ್ಕಿದ್ದೂ ಅವರ ಶಿಫಾರಸಿನಿಂದಲೇ.

ನಿನ್ನ ಪ್ರಬಂಧದಲ್ಲಿ ಅರ್ಕನ್ಸಾಸ್ ಮತ್ತು ಬೆಲ್ಜಿಯಂ ಎರಡನ್ನೂ ಬರಿ. ಒಂದನ್ನು ಬಿಟ್ಟು ಇನ್ನೊಂದನ್ನು ಬರೆದರೆ ನಾನು ಒಪ್ಪುವುದಿಲ್ಲ.

ನಿನ್ನ ಅಪ್ಪ